ಮಾಲೀಕರ ನಂಟು ಮತ್ತು ನಮ್ಮ ಬಾವಿಯ ನೀರು



ಊರಿನ ಬಳಿ ಒಂದು ಕಾರ್ಖಾನೆ ಬಂದರೆ, ಅದರ ಮಾಲೀಕರು ಯಾರ ಪೈಕಿ ಎಂದು ಮೊದಲು ವಿಚಾರಿಸುತ್ತೇವೆ. ನಮ್ಮವರೇ ಆದರೆ ನೀರು ಕೆಡಿಸಲಾರರೆಂದು ನಂಬುತ್ತೇವೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ತಮಿಳುನಾಡಿನ ತಿರುಪ್ಪೂರಿನ ಸಂಗತಿಯಿಂದ ತಿಳಿಯೋಣ.

ತಿರುಪ್ಪೂರು ಬನಿಯನ್ ಬಟ್ಟೆಗೆ ಹೆಸರಾದ ಊರು. ಅಲ್ಲಿನ ಅನೇಕ ಮಾಲೀಕರು ಗೌಂಡರ್ ಒಕ್ಕಲು ಮನೆತನಗಳಿಂದ ಬಂದವರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಉಪ್ಪುನೀರು ಕಾವೇರಿಯನ್ನು ಸೇರುವ ನೊಯ್ಯಲ್ ಹೊಳೆಗೆ ಹರಿಯಿತು. 1990ರ ದಶಕದ ಆರಂಭದಲ್ಲಿ ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಕೊಳೆನೀರಿನ ತೊಟ್ಟಿಯಾಯಿತು. ಕೆಳಗಣ ರೈತರಲ್ಲಿ ಮಾಲೀಕರ ಕುಲಬಾಂಧವರೂ ಇದ್ದರು. ಆದರೂ ಬಾವಿಗಳು ಉಪ್ಪಾದವು, ಹೊಲಗಳು ಚೌಳಾದವು.

ಹೀಗೇಕಾಯಿತು? ಒಬ್ಬ ಮಾಲೀಕನು ಮಾತ್ರ ನೀರು ಶುದ್ಧಿಗೆ ಹಣ ಹಾಕಿದರೆ ಅವನ ಖರ್ಚು ಏರುತ್ತದೆ, ನೆರೆಯವನದು ಏರುವುದಿಲ್ಲ. ಆದ್ದರಿಂದ ಒಬ್ಬೊಬ್ಬರೇ ಮುಂದಾಗುವುದು ಕಷ್ಟ. ಇಲ್ಲಿ ಮಾಲೀಕರ ಕೂಟ ಉಪಯೋಗಕ್ಕೆ ಬಂದಿತು. ಹಲವರು ಪಾಲು ಹಾಕಿ ಸಾಮೂಹಿಕ ಶುದ್ಧೀಕರಣ ಸ್ಥಾವರಗಳನ್ನು ಕಟ್ಟಿದರು. ಸಣ್ಣ ಕಾರ್ಖಾನೆಗೂ ಹೊರೆ ಹಗುರಾಯಿತು. ಆದರೆ ಮೊದಲ ಸ್ಥಾವರಗಳು ಬಣ್ಣವನ್ನು ತೆಗೆದವೇ ಹೊರತು ಕರಗಿದ ಉಪ್ಪನ್ನು ತೆಗೆಯಲಿಲ್ಲ.

ಆಗ ರೈತರೂ ಸಂಘ ಕಟ್ಟಿ ಮದರಾಸು ಹೈಕೋರ್ಟಿಗೆ ಹೋದರು. ಕೊಳೆನೀರನ್ನು ಹೊರಗೆ ಬಿಡಲೇಕೂಡದೆಂದು 2006ರಲ್ಲಿ ಕೋರ್ಟು ಆಜ್ಞೆ ಮಾಡಿತು. ಅದು ಪಾಲನೆಯಾಗದಿರಲು, 2011ರ ಜನವರಿಯಲ್ಲಿ ಬಣ್ಣದ ಕಾರ್ಖಾನೆಗಳನ್ನೇ ಮುಚ್ಚಿಸಿತು. ಉಪ್ಪನ್ನು ಬೇರ್ಪಡಿಸಿ ನೀರನ್ನು ಮರಳಿ ಬಳಸುವ ಏರ್ಪಾಡಾದ ಮೇಲೆಯೇ ಅವು ಮತ್ತೆ ತೆರೆದವು.

ಇದರಿಂದ ಕಲಿಯುವುದೇನು? ಕುಲದ ನಂಟೊಂದೇ ಮಾಲೀಕರ ಕೈಯಿಂದ ಹಣ ಬಿಚ್ಚಿಸುವುದಿಲ್ಲ. ಮಾಲೀಕರ ಸಂಘವು ವೆಚ್ಚವನ್ನು ಹಂಚಿ ಹಗುರ ಮಾಡಬಲ್ಲದು. ಆದರೆ ರೈತರ ಒಗ್ಗಟ್ಟು ಮತ್ತು ಕಾನೂನಿನ ಬಿಗಿ ಇಲ್ಲದೆ ಕೆಲಸ ಪೂರ್ತಿಯಾಗದು.

ತಾವು ಮಾಡಬೇಕಾದ ಕೆಲಸಗಳು:

1. ಕಾರ್ಖಾನೆ ಬರುವ ಮೊದಲೇ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಆಮೇಲೆ ವರ್ಷಕ್ಕೊಮ್ಮೆ ಮಾಡಿಸಿ, ವರದಿಗಳನ್ನು ಜೋಪಾನವಾಗಿಡಿರಿ.

2. ನೀರಿನ ಬಣ್ಣ, ರುಚಿ ಬದಲಾದರೆ ದಿನಾಂಕ ಬರೆದಿಟ್ಟುಕೊಳ್ಳಿರಿ.

3. ಹತ್ತಾರು ಮಂದಿ ಸಹಿ ಹಾಕಿ ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿರಿ.

ಮಾಲೀಕರು ನೆಂಟರೆಂದು ದಾಕ್ಷಿಣ್ಯಪಟ್ಟು ಸುಮ್ಮನಿರಬೇಡಿರಿ. ಬಾವಿ ಕೆಟ್ಟ ಮೇಲೆ ನೆಂಟಸ್ತಿಕೆಯಿಂದ ಪೈರು ಬೆಳೆಯದು.