ಇನ್ನೂರು ಮಂದಿ ಮ್ಯೂಟ್‌ನಲ್ಲಿದ್ದಾಗ

ನೋಡು ತಂಗೀ, ಆನ್‌ಲೈನ್ ಕ್ಲಾಸಿನಲ್ಲಿ ಇನ್ನೂರು ಮಕ್ಕಳಿಗೆ "ಅರ್ಥ ಆಯ್ತಾ?" ಅಂತ ಕೇಳಬೇಡ. ಹತ್ತು ಮಂದಿ ಹೆಬ್ಬೆರಳು ಒತ್ತುತ್ತಾರೆ, ಉಳಿದವರು ಫೋನ್ ಪಕ್ಕಕ್ಕಿಟ್ಟು ಎಮ್ಮೆಗೆ ಹುಲ್ಲು ಹಾಕೋಕೆ ಹೋಗಿರುತ್ತಾರೆ. ತಪ್ಪು ಅವರದಲ್ಲ, ಕೂತವರಿಗೆ ನೀನು ಕೆಲಸ ಕೊಟ್ಟಿಲ್ಲ.

2020ರಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದ್ದಾಗ ಚಂದನ ಟಿವಿಯಲ್ಲಿ ಸಂವೇದ ಅನ್ನೋ ಪಾಠ ಬರುತ್ತಿತ್ತು. ಚೆನ್ನಾಗೇ ಇತ್ತು, ಆದರೆ ಟಿವಿಗೆ ಎದುರು ಪ್ರಶ್ನೆ ಹಾಕೋದು ಹೇಗೆ? ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸೋ ವಿದ್ಯಾಗಮ ಶುರುವಾಯ್ತು. ಮೇಷ್ಟ್ರುಗಳು ಗುಡಿ ಜಗಲಿಯಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದು ನಿಂತಿತು. ನಿನಗೆ ಬೇಕಾದದ್ದು ಆ ಜಗಲಿಯಂಥ ಸಣ್ಣ ಗುಂಪು.

ನೀನು ಹೇಳೋದು ಭೌತಶಾಸ್ತ್ರ, ಅದೂ ಹಿರಿಯೂರಿನಲ್ಲಿ. ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು ಪಕ್ಕದಲ್ಲೇ ಇದೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ಕ್ಕೆ! ಆ ವರ್ಷ ಜಾತ್ರೆಯಂತೆ ಜನ ನೋಡೋಕೆ ಬಂದಿದ್ದರಲ್ಲ, ಹಾಗಾಗಿ ಅಲ್ಲಿಂದಲೇ ಪ್ರಶ್ನೆ ತೆಗೆ: "ನೀರಿನ ಮಟ್ಟ ಅಷ್ಟೇ ಇದ್ದು, ಹಿನ್ನೀರು ಹೊಸದುರ್ಗದ ಕಡೆ ಇನ್ನೂ ದೂರ ಚಾಚಿದ್ದರೆ ಕಟ್ಟೆಯ ಮೇಲಿನ ಒತ್ತಡ ಹೆಚ್ಚೋ, ಕಡಿಮೆಯೋ, ಅಷ್ಟೇನೋ?" ಹೆಚ್ಚು ಅನ್ನೋರೇ ಬಹಳ. ಒತ್ತಡಕ್ಕೆ ಆಳ ಲೆಕ್ಕ, ನೀರು ಚಾಚಿದ ದೂರ ಅಲ್ಲ. ಆದರೆ ನೀನು ಬಾಯಿ ಬಿಡಬೇಡ. ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರ ಒತ್ತಲಿ. ಆಮೇಲೆ ಐದೈದು ಜನರ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಡಲಿ, ಮತ್ತೆ ಒತ್ತಲಿ. ಹಾರ್ವರ್ಡ್‌ನ ಎರಿಕ್ ಮಜೂರ್ 1991ರಿಂದ ಮಾಡಿಸುತ್ತಿರೋದು ಇದನ್ನೇ. ಮೊದಲ ಸಲ ಸರಿ ಹೇಳಿದವರು ನೂರಕ್ಕೆ ಮೂವತ್ತರಿಂದ ಎಪ್ಪತ್ತರೊಳಗಿದ್ದರೆ ಜಗಳಕ್ಕೆ ಬಿಡು. ಅದಕ್ಕಿಂತ ಕಮ್ಮಿಯಾದರೆ ಪಾಠ ಇನ್ನೊಮ್ಮೆ ಹೇಳು, ಹೆಚ್ಚಾದರೆ ಎರಡು ಮಾತು ಹೇಳಿ ಮುಂದೆ ಹೋಗು.

ಗುಂಪನ್ನು ದಿನಾ ಬದಲಿಸಬೇಡ, ಪರಿಚಯ ಇಲ್ಲದವರ ಮುಂದೆ ನಮ್ಮ ಹುಡುಗೀರು ಬಾಯಿ ಬಿಡಲ್ಲ. ವಿಡಿಯೋ ಕೋಣೆಗಳ ಸಹವಾಸವೂ ಬೇಡ, ಹೊಸದುರ್ಗದ ಹಟ್ಟಿಗಳಲ್ಲಿ ನೆಟ್‌ವರ್ಕ್ ಹಿಡಿಯಲು ಮಾಳಿಗೆ ಹತ್ತಬೇಕು. ದನಿ ಮೆಸೇಜು ಸಾಕು.

ಮನೆಗೆಲಸ ಒಂದೇ ಥರ ಕೊಡಬೇಡ. ಹೊಳಲ್ಕೆರೆಯ ಅಡಿಕೆ ತೋಟದವನು ಡ್ರಿಪ್ ಪೈಪಿನ ಮೊದಲ ಸಾಲಿಗೂ ಕೊನೆ ಸಾಲಿಗೂ ಒಂದೊಂದು ಲೋಟ ಇಟ್ಟು, ಯಾವುದು ಎಷ್ಟು ಹೊತ್ತಿಗೆ ತುಂಬಿತು ಅಂತ ಬರೆಯಲಿ. ಚಿತ್ರದುರ್ಗದವಳು ಕೋಟೆಯಲ್ಲಿ ಒಂದು ಹೊಂಡ ತುಂಬಿದ ನೀರು ಕೆಳಗಿನದಕ್ಕೆ ಇಳಿಯೋ ದಾರಿ ಚಿತ್ರಿಸಲಿ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಸಿಗದ ಹೊರತು ಗುಂಪಿನ ಉತ್ತರ ಮುಗಿಯಬಾರದು.

ವಾರಕ್ಕೆ ಇಂಥ ಪ್ರಶ್ನೆ ಒಂದೇ ಸಾಕು. ಸಿಲಬಸ್ ಹಿಂದೆ ಬಿತ್ತು ಅಂತ ಪ್ರಿನ್ಸಿಪಾಲರು ಗದರಿದರೆ, ಎರಡೂ ಸಲದ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ತೋರಿಸು.