ಒಮೆಗಾ-3 ಕ್ಯಾಪ್ಸೂಲ್: ಯಾರಿಗೆ ಬೇಕು, ಯಾರಿಗೆ ಬೇಡ?



"ಡಾಕ್ಟರೇ, ಒಮೆಗಾ-3 ಕ್ಯಾಪ್ಸೂಲ್ ಹೃದಯಕ್ಕೆ ಒಳ್ಳೆಯದಂತೆ, ತಗೊಳ್ಳಲೇನು?" ಹೃದಯಾಘಾತದಿಂದ ಚೇತರಿಸಿಕೊಂಡು ಮನೆಗೆ ಹೊರಟವರು, ಸಕ್ಕರೆ ಕಾಯಿಲೆ ಇರುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಈ ಪಾಠವನ್ನು ನಿಧಾನವಾಗಿ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಒಮೆಗಾ-3 ಎಂದರೇನು?

ಇದು ಶರೀರಕ್ಕೆ ಅಗತ್ಯವಾದ ಒಂದು ಬಗೆಯ ಕೊಬ್ಬಿನಾಮ್ಲ. ಇದರಲ್ಲಿ ಮುಖ್ಯವಾದವು ಮೂರು: ಎ.ಎಲ್.ಎ., ಇ.ಪಿ.ಎ. ಮತ್ತು ಡಿ.ಎಚ್.ಎ. ಮೊದಲನೆಯದು ಅಗಸೆ ಬೀಜ, ಅಕ್ರೋಟು, ಸೋಯಾ ಎಣ್ಣೆ, ಸಾಸಿವೆ ಎಣ್ಣೆಗಳಲ್ಲಿದೆ. ಉಳಿದೆರಡು ಮೀನಿನಲ್ಲಿ ಹೆಚ್ಚು. ನಮ್ಮ ಶರೀರವು ಎ.ಎಲ್.ಎ.ಯ ಸ್ವಲ್ಪ ಭಾಗವನ್ನು ಮಾತ್ರ ಉಳಿದೆರಡಾಗಿ ಮಾರ್ಪಡಿಸಿಕೊಳ್ಳಬಲ್ಲದು.

ಕ್ಯಾಪ್ಸೂಲಿನಿಂದ ಹೃದಯಾಘಾತ ತಪ್ಪುವುದೇ?

1999ರಲ್ಲಿ ಇಟಲಿಯಿಂದ ಬಂದ ವರದಿಯಲ್ಲಿ, ಹೃದಯಾಘಾತವಾಗಿದ್ದ 11 ಸಾವಿರಕ್ಕೂ ಹೆಚ್ಚು ಜನರ ಪೈಕಿ ಒಮೆಗಾ-3 ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಕ್ಯಾಪ್ಸೂಲಿನ ಹೆಸರು ಬೆಳೆಯಲು ಇದೂ ಒಂದು ಕಾರಣ. ಆದರೆ ಆಗ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಗಳು ಇಂದಿನಷ್ಟು ಬಳಕೆಯಲ್ಲಿರಲಿಲ್ಲ. 2018ರಲ್ಲಿ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಬ್ರಿಟನ್ನಿನಲ್ಲಿ 15 ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರ ಪೈಕಿ, ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಪೈಕಿ ಒಂದು ಗುಂಪಿಗೆ ದಿನಕ್ಕೆ 1 ಗ್ರಾಂ ಕೊಟ್ಟು ನೋಡಿದಾಗ ಒಟ್ಟಾರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಗಣನೀಯವಾಗಿ ತಗ್ಗಲಿಲ್ಲ.

ರಕ್ತದಲ್ಲಿ ಟ್ರೈಗ್ಲಿಸರೈಡ್ ಬಹಳ ಹೆಚ್ಚಿದ್ದರೆ ಮಾತು ಬೇರೆ. ದಿನಕ್ಕೆ 4 ಗ್ರಾಂವರೆಗಿನ ದೊಡ್ಡ ಪ್ರಮಾಣವು ಅದನ್ನು ಇಳಿಸುತ್ತದೆ. ಅದು ವೈದ್ಯರು ಬರೆದುಕೊಡುವ ಔಷಧಿ. ಅಂಗಡಿಯಲ್ಲಿ ಸಿಗುವ 1000 ಮಿಲಿಗ್ರಾಂನ ಸಾಮಾನ್ಯ ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಇ.ಪಿ.ಎ., ಡಿ.ಎಚ್.ಎ. ಎರಡೂ ಸೇರಿ ಸುಮಾರು 300 ಮಿಲಿಗ್ರಾಂ ಮಾತ್ರ ಇರುತ್ತದೆ.

ಸಸ್ಯಾಹಾರಿಗಳು ಗಮನಿಸಿರಿ

ಸಾಮಾನ್ಯವಾಗಿ ಒಮೆಗಾ-3 ಕ್ಯಾಪ್ಸೂಲಿನ ಒಳಗಿರುವುದು ಮೀನಿನ ಎಣ್ಣೆ. ಹೊರಗಿನ ಮೆತ್ತನೆಯ ಕವಚವೂ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್‌ನದು. ಮೀನಿನ ಎಣ್ಣೆ ಬೇಡವೆನ್ನುವವರು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ನೀರಿನ ಪಾಚಿಯಿಂದ ತೆಗೆದ ಡಿ.ಎಚ್.ಎ. ಕೂಡ ಸಿಗುತ್ತದೆ.

ನಮ್ಮ ಅಡುಗೆಮನೆಯಲ್ಲೇ ಇದೆ

ರೊಟ್ಟಿಯ ಜೊತೆಗಿನ ಅಗಸಿ ಹಿಂಡಿ ಒಮೆಗಾ-3ರ ಒಳ್ಳೆಯ ಮೂಲ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಎ.ಎಲ್.ಎ. ಇರುತ್ತದೆ. ಒಬ್ಬರಿಗೆ ಒಂದು ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಸಾಕು. ಶೇಂಗಾ, ಗುರೆಳ್ಳು ಹಿಂಡಿಗಳು ರುಚಿಯಾದರೂ ಅವುಗಳಲ್ಲಿ ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ.

* ಬೀಜವನ್ನು ಹದವಾಗಿ ಹುರಿದು ಪುಡಿ ಮಾಡಿರಿ. ಇಡೀ ಬೀಜ ಜೀರ್ಣವಾಗದೆ ಹಾಗೆಯೇ ಹೊರಹೋಗಬಹುದು.
* ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿರಿ. ಕಮಟು ವಾಸನೆ ಬಂದರೆ ಬಳಸಬೇಡಿರಿ.
* ಹಿಂಡಿಗೆ ಉಪ್ಪು ಕಡಿಮೆ ಹಾಕಿರಿ, ರಕ್ತದೊತ್ತಡ ಇರುವವರಂತೂ ಮರೆಯಬಾರದು.
* ನಾರು ಹೆಚ್ಚಿರುವುದರಿಂದ ಸಾಕಷ್ಟು ನೀರು ಕುಡಿಯಿರಿ. ನೀರಿನ ಮಿತಿ ಹೇಳಿದ್ದರೆ ವೈದ್ಯರನ್ನು ಕೇಳಿಕೊಳ್ಳಿರಿ.

ಎಚ್ಚರಿಕೆ

ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಆರಂಭಿಸಬಾರದು. ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡಾಗ ಕೆಲವರಲ್ಲಿ ಹೃದಯದ ಬಡಿತ ತಾಳ ತಪ್ಪುವುದುಂಟು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಕ್ಯಾಪ್ಸೂಲ್ ಕೊಂಡೆವೆಂದು, ಅಗಸೆ ತಿನ್ನುತ್ತೇವೆಂದು ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಗುಳಿಗೆಗಳನ್ನು ನಿಲ್ಲಿಸಬೇಡಿರಿ. ಕೈಯಲ್ಲಿರುವ ಹಣ ಎರಡಕ್ಕೂ ಸಾಲದಿದ್ದರೆ, ಚೀಟಿಯಲ್ಲಿ ಬರೆದ ಗುಳಿಗೆಯನ್ನೇ ಮೊದಲು ಕೊಳ್ಳಿರಿ. ಮುಂದಿನ ಸಲ ತಪಾಸಣೆಗೆ ಬರುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಡಬ್ಬಿ, ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬಂದು ವೈದ್ಯರಿಗೆ ತೋರಿಸಿರಿ.