ನೋವು ಹೇಳದ ಅಂಗ

ಕಾಲಿಗೆ ಮುಳ್ಳು ಚುಚ್ಚಿದರೆ ಒಡನೆಯೇ ತಿಳಿಯುತ್ತದೆ. ಹಲ್ಲು ಹುಳುಕಾದರೆ ರಾತ್ರಿಯ ನಿದ್ದೆ ಹಾರಿಹೋಗುತ್ತದೆ. ನೋವೆಂಬುದು ದೇಹದ ಕೂಗು. ಅದನ್ನು ಕೇಳಿ ಮನುಷ್ಯನು ಎಚ್ಚರಗೊಳ್ಳುತ್ತಾನೆ, ಪರಿಹಾರವನ್ನು ಹುಡುಕುತ್ತಾನೆ. ಆದರೆ ಹಗಲಿರುಳೂ ದುಡಿಯುತ್ತ, ತನ್ನ ಕಷ್ಟವನ್ನು ಸುಲಭವಾಗಿ ಹೊರಗೆಡಹದ ಅಂಗವೊಂದು ದೇಹದೊಳಗೆ ಉಂಟು. ಅದೇ ಯಕೃತ್ತು. ಪಿತ್ತಜನಕಾಂಗವೆಂಬುದು ಅದರ ಮತ್ತೊಂದು ಹೆಸರು; ಆಡುಮಾತಿನಲ್ಲಿ ಅದನ್ನು ಈಲಿ ಎನ್ನುವುದುಂಟು.

ಯಕೃತ್ತು ಹೊಟ್ಟೆಯ ಬಲಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿದೆ. ವಯಸ್ಕರಲ್ಲಿ ಸುಮಾರು 1.5 ಕಿಲೋಗ್ರಾಂ ತೂಗುವ ಇದು ದೇಹದ ಒಳಾಂಗಗಳಲ್ಲೆಲ್ಲ ದೊಡ್ಡದು. ಕರುಳಿನಿಂದ ಆಹಾರಸಾರವನ್ನು ಹೊತ್ತುಬರುವ ರಕ್ತವು ದೇಹದ ಬೇರೆಡೆಗೆ ಹರಿಯುವ ಮುನ್ನ ಇದನ್ನು ಹಾದುಹೋಗಬೇಕು. ಹಿಂದಿನ ಕಾಲದ ಊರಬಾಗಿಲಿನ ಸುಂಕದ ಕಟ್ಟೆಯಂತೆ ಯಕೃತ್ತು ಒಳಬರುವ ಸರಕನ್ನು ಪರಿಶೀಲಿಸುತ್ತದೆ. ಮಿಕ್ಕ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟು, ಹಸಿದಾಗ ರಕ್ತಕ್ಕೆ ಮರಳಿಸುತ್ತದೆ. ಈ ಗ್ಲೈಕೋಜನ್ನನ್ನು ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಯಕೃತ್ತಿನಿಂದ ಬೇರ್ಪಡಿಸಿ ತೋರಿಸಿದನು. ಕೊಬ್ಬಿನ ಪಚನಕ್ಕೆ ಬೇಕಾದ ಪಿತ್ತರಸ, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳು ಇಲ್ಲಿಯೇ ಸಿದ್ಧವಾಗುತ್ತವೆ. ಮದ್ಯ, ಔಷಧಿ ಮೊದಲಾದವುಗಳ ವಿಷಾಂಶವನ್ನು ಮುರಿಯುವ ಹೊಣೆಯೂ ಇದರದೇ.

ಇಷ್ಟು ಕೆಲಸ ಮಾಡುವ ಯಕೃತ್ತಿನ ಒಳತಿರುಳಿಗೆ ನೋವನ್ನು ತಿಳಿಸುವ ಶಕ್ತಿಯಿಲ್ಲ. ಹೊರಪೊರೆ ಹಿಗ್ಗಿದಾಗಲಷ್ಟೇ ನೋವು ಕಾಣಿಸಿಕೊಳ್ಳುತ್ತದೆ. ಇದಕ್ಕೊಂದು ವಿಶೇಷ ಸಾಮರ್ಥ್ಯವೂ ಉಂಟು. ಆರೋಗ್ಯವಂತ ಯಕೃತ್ತಿನ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಕೆಲವೇ ತಿಂಗಳುಗಳಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಆದರೆ ಪೆಟ್ಟು ವರ್ಷಗಟ್ಟಲೆ ಬೀಳುತ್ತಲೇ ಇದ್ದರೆ ಹೊಸ ಜೀವಕೋಶಗಳ ಜಾಗದಲ್ಲಿ ಗಾಯದ ಗಂಟು ಬೆಳೆದು ಯಕೃತ್ತು ಗಡುಸಾಗುತ್ತದೆ. ಇದೇ ಸಿರೋಸಿಸ್. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬುವ ವೇಳೆಗೆ ಹಾನಿ ಬಹಳ ಮುಂದುವರಿದಿರುತ್ತದೆ. ಆದ್ದರಿಂದ ಯಕೃತ್ತಿನ ರಕ್ಷಣೆಯು ಆಸ್ಪತ್ರೆಯಲ್ಲಿ ಆರಂಭವಾಗತಕ್ಕದ್ದಲ್ಲ. ಮನೆಯಲ್ಲಿ, ದಿನನಿತ್ಯದ ನಡವಳಿಕೆಯಲ್ಲಿ ಆರಂಭವಾಗಬೇಕು.

ಮೊದಲನೆಯದು ನೀರು. 1955ರ ಕೊನೆಯಲ್ಲಿ ದೆಹಲಿಗೆ ಯಮುನಾ ನದಿಯಿಂದ ನೀರೆತ್ತುವ ಸ್ಥಳಕ್ಕೆ ಚರಂಡಿಯ ಕೊಳಚೆ ಸೇರಿತು. ಕೆಲವೇ ವಾರಗಳಲ್ಲಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಹಬ್ಬಿತು. ಹೆಪಟೈಟಿಸ್ ಇ ಎಂಬ ವೈರಸ್ ಅದಕ್ಕೆ ಕಾರಣವೆಂದು ತಿಳಿದದ್ದು ಬಹುಕಾಲದ ಮೇಲೆ. ಕುದಿಸಿ ಆರಿಸಿದ ನೀರು, ಊಟಕ್ಕೆ ಮುನ್ನ ಮತ್ತು ಶೌಚದ ನಂತರ ಸೋಪಿನಿಂದ ತೊಳೆದ ಕೈ, ಇವು ಇಂಥ ಆಪತ್ತನ್ನು ದೂರವಿಡುತ್ತವೆ.

ಎರಡನೆಯದು ಧಾನ್ಯ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳ ಬೂಷ್ಟು ಹಿಡಿಯಿತು. ಬೇರೆ ಆಹಾರವಿಲ್ಲದ ಬಡವರು ಅದನ್ನೇ ಉಂಡರು. ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸಿ, ನೂರಕ್ಕೂ ಹೆಚ್ಚು ಜನರು ಸತ್ತರು. ಈ ವಿಷ ಅಡುಗೆಯ ಬೆಂಕಿಗೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಕಡಲೆಕಾಯಿ, ಜೋಳಗಳನ್ನು ಚೆನ್ನಾಗಿ ಒಣಗಿಸಿ ತೇವ ತಗಲದಂತೆ ಇಡುವುದು, ಬೂಷ್ಟು ಹಿಡಿದದ್ದನ್ನು ಎಸೆಯುವುದು ಜಾಣತನ.

ಮೂರನೆಯದು ಊಟ ಮತ್ತು ವ್ಯಾಯಾಮ. ಸಿಹಿ ಪಾನೀಯ, ಎಣ್ಣೆಯಲ್ಲಿ ಕರಿದ ತಿಂಡಿಗಳು ಮಿತಿಮೀರಿ, ಮೈ ದಣಿಯುವುದು ನಿಂತುಹೋದರೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಮದ್ಯವನ್ನು ಮುಟ್ಟದವರಲ್ಲಿಯೂ, ಮಕ್ಕಳಲ್ಲಿಯೂ ಇದು ಈಗ ಕಾಣಿಸುತ್ತಿದೆ. ಸೊಪ್ಪು, ಕಾಳು, ಹಣ್ಣುಗಳಿರುವ ಊಟ, ದಿನವೂ ಆಟ ಅಥವಾ ನಡಿಗೆ, ಇವುಗಳಿಂದ ಆ ಕೊಬ್ಬು ಕರಗಬಲ್ಲದು. ಮದ್ಯದಿಂದಲಂತೂ ದೂರವಿರುವುದೇ ಲೇಸು. ಅದರಿಂದ ಹಾಳಾಗುವುದು ಒಂದು ಯಕೃತ್ತಷ್ಟೇ ಅಲ್ಲ, ಒಂದು ಸಂಸಾರ.

ಹೆಪಟೈಟಿಸ್ ಬಿ ಎಂಬ ಮತ್ತೊಂದು ವೈರಸ್ ರಕ್ತದ ಮೂಲಕ ಹರಡುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಬರೂಖ್ ಬ್ಲುಂಬರ್ಗ್‌ಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದಕ್ಕೆ ಲಸಿಕೆಯುಂಟು, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಹಾಕಿಸಬೇಕು. ಒಬ್ಬರು ಬಳಸಿದ ಸೂಜಿ, ಬ್ಲೇಡುಗಳನ್ನು ಮತ್ತೊಬ್ಬರು ಬಳಸಬಾರದು. ವೈದ್ಯರನ್ನು ಕೇಳದೆ ಮಾತ್ರೆಗಳನ್ನು ಅಳತೆಮೀರಿ ನುಂಗುವುದೂ ಯಕೃತ್ತಿಗೆ ಅಪಾಯಕರ.

ಕಾಮಾಲೆ ಬಂದವರ ಕೈಗೆ ಬರೆ ಹಾಕಿಸುವ ರೂಢಿ ಕೆಲವು ಕಡೆ ಉಂಟು. ನೀರಿನಿಂದ ಬಂದ ಕಾಮಾಲೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ; ಕೀರ್ತಿ ಮಾತ್ರ ಬರೆಗೆ ಸಲ್ಲುತ್ತದೆ. ಬೇರೆ ಕಾರಣದಿಂದ ಬಂದ ಕಾಮಾಲೆಯಲ್ಲಿ ಹೀಗೆ ಕಳೆದುಹೋದ ದಿನಗಳು ಪ್ರಾಣಕ್ಕೇ ಎರವಾಗಬಹುದು. ಕಾಮಾಲೆಯು ಯಕೃತ್ತಿನ ತೊಂದರೆಯನ್ನು ಸಾರುವ ಚಿಹ್ನೆ. ಅದು ಕಂಡಾಗ ಹೋಗಬೇಕಾದದ್ದು ವೈದ್ಯರಲ್ಲಿಗೆ.

ಕೂಗಿ ಕರೆದವರಿಗೆ ನೆರವಾಗುವುದು ಲೋಕದ ರೂಢಿ. ಕೂಗಲಾರದೆ ದುಡಿಯುವವರನ್ನು ಕೇಳುವ ಮೊದಲೇ ಕಾಪಾಡುವುದು ವಿವೇಕ. ಯಕೃತ್ತು ಬೇಡುವುದು ಈ ವಿವೇಕವನ್ನೇ.